ಸ್ವಯಂಚಾಲಿತ ಸ್ಪೋರ್ಟ್ಸ್ ಕಾರುಗಳ ಪ್ರಸರಣ ದ್ರವ ಮತ್ತು ಡಿಫರೆನ್ಷಿಯಲ್ ಎಣ್ಣೆ

ಸ್ವಯಂಚಾಲಿತ ಪ್ರಸರಣ ದ್ರವ ಎಂಬುದು ತಾನಾಗಿಯೇ ಗೇರ್ ಬದಲಿಸುವ ಗೇರ್‌ಬಾಕ್ಸ್‌ನಲ್ಲಿ ಬಳಸುವ ವಿಶೇಷ ಎಣ್ಣೆ. ಇದನ್ನು ಸಾಮಾನ್ಯವಾಗಿ ಎಟಿಎಫ್ ಎಂಬ ಸಂಕ್ಷಿಪ್ತ ಹೆಸರಿನಿಂದ ಕರೆಯುತ್ತಾರೆ. ಡಿಫರೆನ್ಷಿಯಲ್ ಎಣ್ಣೆ ಎಂಬುದು ಗೇರ್‌ಬಾಕ್ಸ್‌ನಿಂದ ಬಂದ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಹಲ್ಲುಗಾಲಿಗಳ ಪೆಟ್ಟಿಗೆಯಲ್ಲಿ ಬಳಸುವ ಎಣ್ಣೆ. ಸ್ವಯಂಚಾಲಿತ ಗೇರ್‌ಬಾಕ್ಸ್ ಉಳ್ಳ, ಹಿಂದಿನ ಚಕ್ರಗಳಿಂದ ಚಲಿಸುವ ಸ್ಪೋರ್ಟ್ಸ್ ಕಾರುಗಳಲ್ಲಿ ಸಾಮಾನ್ಯವಾಗಿ ಈ ಎರಡೂ ಎಣ್ಣೆಗಳು ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಇರುತ್ತವೆ. ಇವೆರಡನ್ನೂ ಜನರು ಸಾಮಾನ್ಯವಾಗಿ "ಗೇರ್ ಆಯಿಲ್" ಎಂದೇ ಕರೆಯುವುದುಂಟು. ಆದರೆ ಇವುಗಳ ಕೆಲಸ ಬೇರೆ, ರಾಸಾಯನಿಕ ರಚನೆ ಬೇರೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸಲು ಬರುವುದಿಲ್ಲ. ಹೆಚ್ಚು ಬೆಲೆಯ ಅಥವಾ ಹೆಚ್ಚು ಗಟ್ಟಿಯಾದ ಎಣ್ಣೆಯೇ ಉತ್ತಮ ಎಂಬ ಭಾವನೆಯೂ ಸರಿಯಲ್ಲ. ಆಯಾ ಯಂತ್ರಭಾಗವನ್ನು ಯಾವ ಎಣ್ಣೆಗಾಗಿ ರೂಪಿಸಲಾಗಿದೆಯೋ ಆ ಎಣ್ಣೆಯೇ ಅದಕ್ಕೆ ಸೂಕ್ತ.

ಹಿನ್ನೆಲೆ

ಎತ್ತಿನ ಗಾಡಿಯ ಅಚ್ಚು ಸ್ಥಿರವಾಗಿರುತ್ತದೆ. ಎರಡು ಚಕ್ರಗಳೂ ಅದರ ತುದಿಗಳಲ್ಲಿ ಬೇರೆ ಬೇರೆಯಾಗಿ ಸುತ್ತುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರವು ಹೆಚ್ಚು ದೂರವನ್ನೂ ಒಳಗಿನ ಚಕ್ರವು ಕಡಿಮೆ ದೂರವನ್ನೂ ಕ್ರಮಿಸಿದರೂ ಗಾಡಿಗೆ ತೊಂದರೆಯಾಗುವುದಿಲ್ಲ. ಅಚ್ಚಿಗೆ ಹಚ್ಚುವ ಕೀಲೆಣ್ಣೆ ಸವೆತವನ್ನು ತಡೆದರೆ ಸಾಕು. ಮೋಟಾರು ಕಾರಿನಲ್ಲಿ ಪರಿಸ್ಥಿತಿ ಭಿನ್ನವಾಗಿದೆ. ಅಲ್ಲಿ ಎಂಜಿನ್ ಎರಡು ಚಕ್ರಗಳನ್ನೂ ಒಟ್ಟಿಗೆ ತಿರುಗಿಸಬೇಕು, ಜೊತೆಗೆ ತಿರುವಿನಲ್ಲಿ ಅವು ಭಿನ್ನ ವೇಗದಲ್ಲಿ ಸುತ್ತಲು ಅವಕಾಶವನ್ನೂ ಕೊಡಬೇಕು. ಈ ಎರಡು ಕೆಲಸಗಳನ್ನು ಏಕಕಾಲಕ್ಕೆ ಸಾಧಿಸುವ ಹಲ್ಲುಗಾಲಿಗಳ ಜೋಡಣೆಯೇ ಡಿಫರೆನ್ಷಿಯಲ್.

ಗೇರ್‌ಬಾಕ್ಸ್‌ನ ಕೆಲಸ ಎಂಜಿನ್ನಿನ ವೇಗ ಮತ್ತು ಬಲವನ್ನು ರಸ್ತೆಯ ಅಗತ್ಯಕ್ಕೆ ಹೊಂದಿಸುವುದು. ಚಾಲಕನು ಕ್ಲಚ್ ತುಳಿದು ಗೇರ್ ಬದಲಿಸುವ ಕಾರಿನಲ್ಲಿ ಎಣ್ಣೆಯ ಪಾತ್ರ ಬಹುಮಟ್ಟಿಗೆ ಸವೆತವನ್ನು ತಡೆಯುವುದಕ್ಕೆ ಸೀಮಿತ. ಸ್ವಯಂಚಾಲಿತ ಗೇರ್‌ಬಾಕ್ಸ್‌ನಲ್ಲಾದರೋ ಎಣ್ಣೆಯೇ ಯಂತ್ರದ ಒಂದು ಭಾಗವಾಗಿ ಕೆಲಸ ಮಾಡುತ್ತದೆ.

ಪ್ರಸರಣ ದ್ರವದ ಕಾರ್ಯಗಳು

ಸ್ವಯಂಚಾಲಿತ ಗೇರ್‌ಬಾಕ್ಸ್‌ನಲ್ಲಿ ದ್ರವವು ಮುಖ್ಯವಾಗಿ ಐದು ಕೆಲಸಗಳನ್ನು ಮಾಡುತ್ತದೆ.

1. ಶಕ್ತಿ ಸಾಗಣೆ: ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಭಾಗವಿರುತ್ತದೆ. ಅದರೊಳಗೆ ಎಂಜಿನ್ನಿನೊಡನೆ ಸುತ್ತುವ ರೆಕ್ಕೆಗಳು ದ್ರವವನ್ನು ಎಸೆಯುತ್ತವೆ. ಆ ದ್ರವವು ಎದುರಿನ ರೆಕ್ಕೆಗಳನ್ನು ತಿರುಗಿಸುತ್ತದೆ. ಎರಡಕ್ಕೂ ನೇರ ಸಂಪರ್ಕವಿಲ್ಲದೆ ದ್ರವದ ಮೂಲಕವೇ ಶಕ್ತಿ ಸಾಗುತ್ತದೆ.

2. ಒತ್ತಡದ ರವಾನೆ: ಪಂಪಿನಿಂದ ಒತ್ತಡಕ್ಕೆ ಒಳಗಾದ ದ್ರವವು ಕವಾಟಗಳ ಮೂಲಕ ಹರಿದು, ಬೇಕಾದ ಕ್ಲಚ್‌ಗಳನ್ನು ಒತ್ತಿ ಹಿಡಿಯುತ್ತದೆ. ಗೇರ್ ಬದಲಾವಣೆ ನಡೆಯುವುದು ಇದರಿಂದ.

3. ಘರ್ಷಣೆಯ ನಿಯಂತ್ರಣ: ಈ ಕ್ಲಚ್‌ಗಳು ದ್ರವದಲ್ಲಿ ಮುಳುಗಿಯೇ ಕೆಲಸ ಮಾಡುತ್ತವೆ. ಅವು ಜಾರುತ್ತ ಜಾರುತ್ತ ಹಿಡಿತಕ್ಕೆ ಬರಬೇಕು. ಹಿಡಿತಕ್ಕೆ ಬಂದ ಮೇಲೆ ಜಾರಬಾರದು.

4. ತಂಪುಗೊಳಿಸುವಿಕೆ: ಕ್ಲಚ್ ಮತ್ತು ಟಾರ್ಕ್ ಕನ್ವರ್ಟರ್‌ನಲ್ಲಿ ಹುಟ್ಟಿದ ಶಾಖವನ್ನು ದ್ರವವು ಕೂಲರ್‌ಗೆ ಒಯ್ಯುತ್ತದೆ.

5. ಸಂರಕ್ಷಣೆ: ಗೇರ್ ಮತ್ತು ಬೇರಿಂಗ್‌ಗಳ ಸವೆತ, ತುಕ್ಕು ಮತ್ತು ನೊರೆಯನ್ನು ತಡೆಯುತ್ತದೆ.

ಇವುಗಳಲ್ಲಿ ಮೂರನೆಯದು ಅತ್ಯಂತ ಸೂಕ್ಷ್ಮವಾದುದು. ಉಳಿದ ಹೆಚ್ಚಿನ ಎಣ್ಣೆಗಳಿಂದ ಘರ್ಷಣೆಯನ್ನು ಕಡಿಮೆ ಮಾಡಲಿ ಎಂದಷ್ಟೇ ನಿರೀಕ್ಷಿಸಲಾಗುತ್ತದೆ. ಎಟಿಎಫ್‌ನಿಂದ ನಿರ್ದಿಷ್ಟ ಪ್ರಮಾಣದ ಘರ್ಷಣೆಯನ್ನು ಉಳಿಸಿಕೊಳ್ಳುವುದನ್ನೂ ನಿರೀಕ್ಷಿಸಲಾಗುತ್ತದೆ. ಇದಕ್ಕಾಗಿ ಬೆರೆಸುವ ರಾಸಾಯನಿಕಗಳನ್ನು ಘರ್ಷಣೆ ನಿಯಂತ್ರಕಗಳು ಎನ್ನುತ್ತಾರೆ. ಅವುಗಳ ಪ್ರಮಾಣ ಹೆಚ್ಚಾದರೆ ಕ್ಲಚ್ ಜಾರಿ ಸುಡುತ್ತದೆ. ಕಡಿಮೆಯಾದರೆ ಗೇರ್ ಬದಲಾವಣೆ ಒರಟಾಗುತ್ತದೆ ಅಥವಾ ಕಾರು ನಡುಗುತ್ತದೆ.

ಅನೇಕ ಎಟಿಎಫ್‌ಗಳಿಗೆ ಕೆಂಪು ಬಣ್ಣ ಬೆರೆಸಿರುತ್ತಾರೆ. ಸೋರಿಕೆಯಾದಾಗ ಅದು ಎಂಜಿನ್ ಎಣ್ಣೆಯಲ್ಲ ಎಂದು ತಿಳಿಯಲು ಇದು ನೆರವಾಗುತ್ತದೆ. ಬಣ್ಣವು ಗುಣಮಟ್ಟದ ಸೂಚಕವಲ್ಲ. ಹಸಿರು ಮತ್ತು ನೀಲಿ ಬಣ್ಣದ ಎಟಿಎಫ್‌ಗಳೂ ಇವೆ. ಕೆಂಪಾಗಿರುವ ಎಲ್ಲ ದ್ರವಗಳೂ ಪರಸ್ಪರ ಹೊಂದಿಕೊಳ್ಳುವುದಿಲ್ಲ.

ಇತಿಹಾಸ

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1939ರಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರ್‌ಬಾಕ್ಸನ್ನು ಪರಿಚಯಿಸಿತು. ಇಂತಹ ಗೇರ್‌ಬಾಕ್ಸ್‌ಗಳಿಗೆ ಪ್ರತ್ಯೇಕ ಗುಣಮಟ್ಟದ ದ್ರವ ಬೇಕೆಂಬುದು ಬೇಗನೆ ಸ್ಪಷ್ಟವಾಯಿತು. 1949ರಲ್ಲಿ ಅದೇ ಸಂಸ್ಥೆ "ಟೈಪ್ ಎ" ಎಂಬ ನಿರ್ದಿಷ್ಟತೆಯನ್ನು ಪ್ರಕಟಿಸಿತು. 1960ರ ದಶಕದ ಉತ್ತರಾರ್ಧದಲ್ಲಿ "ಡೆಕ್ಸ್ರಾನ್" ಎಂಬ ಹೆಸರು ಬಳಕೆಗೆ ಬಂತು.

ಆ ಕಾಲದ ದ್ರವಗಳಲ್ಲಿ ಘರ್ಷಣೆ ನಿಯಂತ್ರಕವಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬಳಸಲಾಗುತ್ತಿತ್ತು. ಅಮೆರಿಕವು 1970ರಲ್ಲಿ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. 1973ರ ಅಳಿವಿನಂಚಿನ ಜೀವಿಗಳ ಕಾಯ್ದೆಯು ಈ ರಕ್ಷಣೆಯನ್ನು ಬಲಪಡಿಸಿತು. ತಯಾರಕರು ಬದಲಿ ರಾಸಾಯನಿಕಗಳನ್ನು ಹುಡುಕಬೇಕಾಯಿತು. ಮರುಭೂಮಿಯ ಹೊಹೊಬಾ ಗಿಡದ ಬೀಜದ ಎಣ್ಣೆಯನ್ನೂ ಪರೀಕ್ಷಿಸಲಾಯಿತು. 1970ರ ದಶಕದಲ್ಲಿ ಬಂದ ಡೆಕ್ಸ್ರಾನ್-2 ಈ ಬದಲಾವಣೆಯ ಫಲ.

ಫೋರ್ಡ್ ಸಂಸ್ಥೆ ಬೇರೆ ದಾರಿ ಹಿಡಿಯಿತು. ಅದರ "ಟೈಪ್ ಎಫ್" ದ್ರವದಲ್ಲಿ ಘರ್ಷಣೆ ನಿಯಂತ್ರಕಗಳು ಇರಲಿಲ್ಲ. ಆದ್ದರಿಂದ ಕ್ಲಚ್ ಕೊನೆಯ ಕ್ಷಣದಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು. ಡೆಕ್ಸ್ರಾನ್‌ನಲ್ಲಿ ಅದೇ ಬದಲಾವಣೆ ಮೃದುವಾಗಿ ಆಗುತ್ತಿತ್ತು. ಚುರುಕಾದ ಗೇರ್ ಬದಲಾವಣೆಯನ್ನು ಬಯಸಿದ ಕೆಲವು ಸ್ಪರ್ಧಾಪ್ರಿಯರು ಡೆಕ್ಸ್ರಾನ್‌ಗಾಗಿ ರೂಪಿಸಿದ ಗೇರ್‌ಬಾಕ್ಸ್‌ಗಳಿಗೂ ಟೈಪ್ ಎಫ್ ದ್ರವವನ್ನು ಹಾಕುತ್ತಿದ್ದರು. ಯಂತ್ರವನ್ನು ಬದಲಿಸದೆ ಕೇವಲ ದ್ರವವನ್ನು ಬದಲಿಸಿದರೂ ಕಾರಿನ ನಡವಳಿಕೆ ಬದಲಾಗುತ್ತದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ. 1987ರಲ್ಲಿ ಫೋರ್ಡ್ ಕೂಡ ಘರ್ಷಣೆ ನಿಯಂತ್ರಕಗಳುಳ್ಳ "ಮರ್ಕಾನ್" ದ್ರವವನ್ನು ಜಾರಿಗೆ ತಂದಿತು.

ಡಿಫರೆನ್ಷಿಯಲ್ ಎಣ್ಣೆಯ ಸ್ವರೂಪ

ಹಿಂದಿನ ಚಕ್ರಗಳಿಂದ ಚಲಿಸುವ ಕಾರುಗಳ ಡಿಫರೆನ್ಷಿಯಲ್‌ನಲ್ಲಿ ಹೈಪಾಯಿಡ್ ಎಂಬ ಬಗೆಯ ಹಲ್ಲುಗಾಲಿಗಳು ಸಾಮಾನ್ಯ. ಇದನ್ನು ಕಾರುಗಳಲ್ಲಿ ಮೊದಲು ಬಳಸಿದ್ದು ಅಮೆರಿಕದ ಪ್ಯಾಕರ್ಡ್ ಸಂಸ್ಥೆ, 1926ರಲ್ಲಿ. ಇದರಲ್ಲಿ ಚಿಕ್ಕ ಹಲ್ಲುಗಾಲಿಯ ಅಕ್ಷವು ದೊಡ್ಡ ಹಲ್ಲುಗಾಲಿಯ ಅಕ್ಷವನ್ನು ಸಂಧಿಸದೆ ಸ್ವಲ್ಪ ಕೆಳಗೆ ಇರುತ್ತದೆ. ಇದರಿಂದ ಶಕ್ತಿಯನ್ನು ಒಯ್ಯುವ ದಂಡವನ್ನು ತಗ್ಗಿಸಿ, ಕಾರಿನ ನೆಲವನ್ನೂ ತಗ್ಗಿಸಲು ಸಾಧ್ಯವಾಯಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಭಾರೀ ಒತ್ತಡದಲ್ಲಿ ಉಜ್ಜುತ್ತಲೂ ಜಾರುತ್ತವೆ. ಸಾಮಾನ್ಯ ಎಣ್ಣೆಯ ಪದರವು ಈ ಒತ್ತಡದಲ್ಲಿ ಹರಿದುಹೋಗಿ, ಲೋಹಕ್ಕೆ ಲೋಹ ತಾಗುತ್ತದೆ.

ಇದನ್ನು ತಡೆಯಲು ಡಿಫರೆನ್ಷಿಯಲ್ ಎಣ್ಣೆಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಹಲ್ಲುಗಳು ಉಜ್ಜಿದ ಜಾಗದಲ್ಲಿ ಶಾಖ ಹೆಚ್ಚಿದಾಗ ಈ ಸಂಯುಕ್ತಗಳು ಉಕ್ಕಿನೊಡನೆ ವರ್ತಿಸಿ, ತೆಳುವಾದ ರಕ್ಷಕ ಪದರವನ್ನು ನಿರ್ಮಿಸುತ್ತವೆ. ಗೇರ್ ಎಣ್ಣೆಯ ತೀಕ್ಷ್ಣವಾದ ವಾಸನೆಗೆ ಈ ಗಂಧಕವೇ ಕಾರಣ. ಇವು ತಾಮ್ರ, ಕಂಚು, ಹಿತ್ತಾಳೆಗಳ ಮೇಲೆ ದುಷ್ಪರಿಣಾಮ ಬೀರಬಲ್ಲವು. ಎಟಿಎಫ್‌ನಲ್ಲಿ ಮುಳುಗಿರುವ ಕ್ಲಚ್‌ಗಳಿಗೆ ಬೇಕಾದ ಘರ್ಷಣಾ ಗುಣವೂ ಇಂತಹ ಎಣ್ಣೆಗೆ ಇರುವುದಿಲ್ಲ. ಹೀಗಾಗಿ ಗೇರ್ ಎಣ್ಣೆಯನ್ನು ಸ್ವಯಂಚಾಲಿತ ಗೇರ್‌ಬಾಕ್ಸ್‌ಗೆ ಹಾಕಿದರೆ ಕ್ಲಚ್ ಹಾಳಾಗುತ್ತದೆ. ಎಟಿಎಫ್ ಅನ್ನು ಹೈಪಾಯಿಡ್ ಡಿಫರೆನ್ಷಿಯಲ್‌ಗೆ ಹಾಕಿದರೆ ಹಲ್ಲುಗಳು ಸವೆಯುತ್ತವೆ. ವೇಗವಾಗಿ ಓಡುತ್ತಿರುವಾಗ ಡಿಫರೆನ್ಷಿಯಲ್ ಬಿಗಿದುಕೊಂಡರೆ ಹಿಂದಿನ ಚಕ್ರಗಳು ಹಠಾತ್ತನೆ ನಿಲ್ಲುವ ಅಪಾಯವಿದೆ. ಆದ್ದರಿಂದ ಇದು ಕೇವಲ ದುರಸ್ತಿ ವೆಚ್ಚದ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು.

ದರ್ಜೆ ಮತ್ತು ಸ್ನಿಗ್ಧತೆ

ಗೇರ್ ಎಣ್ಣೆಯ ಡಬ್ಬಿಯ ಮೇಲೆ ಎರಡು ಬೇರೆ ಬೇರೆ ಸೂಚನೆಗಳಿರುತ್ತವೆ.

ಮೊದಲನೆಯದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ ಸೇವಾ ದರ್ಜೆ. ಜಿಎಲ್-4 ಮಧ್ಯಮ ಒತ್ತಡಕ್ಕೂ ಜಿಎಲ್-5 ಹೈಪಾಯಿಡ್ ಗೇರ್‌ಗಳ ತೀವ್ರ ಒತ್ತಡಕ್ಕೂ ಉದ್ದೇಶಿಸಿದ ದರ್ಜೆಗಳು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಎಲ್ಲ ಕಡೆಗೂ ಉತ್ತಮವೆಂದಲ್ಲ. ಜಿಎಲ್-5 ಎಣ್ಣೆಯು ಹಿತ್ತಾಳೆಯ ಉಂಗುರಗಳಿರುವ ಕೆಲವು ಕೈಚಾಲಿತ ಗೇರ್‌ಬಾಕ್ಸ್‌ಗಳಿಗೆ ಹೊಂದುವುದಿಲ್ಲ.

ಎರಡನೆಯದು ಸ್ನಿಗ್ಧತೆಯ ಶ್ರೇಣಿ. ದ್ರವವು ಹರಿಯಲು ತೋರುವ ಪ್ರತಿರೋಧವೇ ಸ್ನಿಗ್ಧತೆ. ನೀರಿಗಿಂತ ಬೆಲ್ಲದ ಪಾಕದ ಸ್ನಿಗ್ಧತೆ ಹೆಚ್ಚು. ಸ್ನಿಗ್ಧತೆಯನ್ನು ಸೆಂಟಿಸ್ಟೋಕ್ ಎಂಬ ಏಕಮಾನದಲ್ಲಿ ಅಳೆಯುತ್ತಾರೆ. "75ಡಬ್ಲ್ಯು-90" ಎಂಬ ಸೂಚನೆಯಲ್ಲಿ "75ಡಬ್ಲ್ಯು" ಎಂಬುದು ಎಣ್ಣೆಯು ಶೂನ್ಯಕ್ಕಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಹರಿಯಬಲ್ಲದು ಎಂಬುದನ್ನು ತಿಳಿಸುತ್ತದೆ. "90" ಎಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ 13.5ರಿಂದ 18.5 ಸೆಂಟಿಸ್ಟೋಕ್‌ಗಳ ನಡುವೆ ಇರುತ್ತದೆ. 140 ಶ್ರೇಣಿಯಲ್ಲಿ ಈ ಮಿತಿ 24ರಿಂದ 32.5. ಎಂಜಿನ್ ಎಣ್ಣೆಯ ಶ್ರೇಣಿಯ ಅಳತೆ ಬೇರೆ. ಗೇರ್ ಎಣ್ಣೆಯ 90ನೆಯ ಶ್ರೇಣಿಯು ಎಂಜಿನ್ ಎಣ್ಣೆಯ 40 ಅಥವಾ 50ನೆಯ ಶ್ರೇಣಿಗೆ ಸುಮಾರಾಗಿ ಸಮ. ಹೀಗಾಗಿ ಸಂಖ್ಯೆಗಳನ್ನು ನೇರವಾಗಿ ಹೋಲಿಸಬಾರದು.

ಎಟಿಎಫ್ ಇವುಗಳಿಗಿಂತ ಬಹಳ ತೆಳು. ಡೆಕ್ಸ್ರಾನ್-6 ದ್ರವದ ಸ್ನಿಗ್ಧತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 6.4 ಸೆಂಟಿಸ್ಟೋಕ್ ಮೀರಬಾರದು. ತೆಳುವಾಗಿರುವುದರಿಂದ ಕವಾಟಗಳ ಕಿರಿದಾದ ದಾರಿಗಳಲ್ಲಿ ಬೇಗ ಹರಿಯುತ್ತದೆ, ಶಕ್ತಿಯ ನಷ್ಟವೂ ಕಡಿಮೆಯಾಗುತ್ತದೆ.

ಜಾರುವಿಕೆ ಮಿತಿಯ ಡಿಫರೆನ್ಷಿಯಲ್

ಸಾಧಾರಣ ಡಿಫರೆನ್ಷಿಯಲ್‌ಗೆ ಒಂದು ದೌರ್ಬಲ್ಯವಿದೆ. ಒಂದು ಚಕ್ರವು ಕೆಸರಿನಲ್ಲಿ ಜಾರತೊಡಗಿದರೆ ಅದೇ ಚಕ್ರ ಗಿರಗಿರನೆ ಸುತ್ತುತ್ತದೆ. ಗಟ್ಟಿ ನೆಲದ ಮೇಲಿರುವ ಚಕ್ರಕ್ಕೆ ಬಲ ಸಿಗುವುದಿಲ್ಲ. ತಿರುವಿನಲ್ಲಿ ವೇಗವಾಗಿ ಸಾಗುವ ಸ್ಪೋರ್ಟ್ಸ್ ಕಾರಿನಲ್ಲಿ ಒಳಗಿನ ಚಕ್ರದ ಮೇಲಿನ ಭಾರ ತಗ್ಗಿದಾಗಲೂ ಹೀಗೆಯೇ ಆಗುತ್ತದೆ. ಇದನ್ನು ನಿವಾರಿಸಲು ಜಾರುವಿಕೆ ಮಿತಿಯ ಡಿಫರೆನ್ಷಿಯಲ್‌ಗಳನ್ನು ಅಳವಡಿಸುತ್ತಾರೆ. ಎಣ್ಣೆಯ ಆಯ್ಕೆಯ ದೃಷ್ಟಿಯಿಂದ ಮುಖ್ಯವಾದ ಬಗೆಗಳು ಹೀಗಿವೆ.

ಕ್ಲಚ್ ಫಲಕಗಳ ಬಗೆ: ಇದರಲ್ಲಿ ಡಿಫರೆನ್ಷಿಯಲ್‌ನೊಳಗೇ ಚಿಕ್ಕ ಕ್ಲಚ್ ಫಲಕಗಳಿರುತ್ತವೆ. ಜಿಎಲ್-5 ಎಣ್ಣೆಯ ಜೊತೆಗೆ ಘರ್ಷಣೆ ನಿಯಂತ್ರಕವೂ ಬೇಕು. ಕೆಲವು ಎಣ್ಣೆಗಳಲ್ಲಿ ಅದು ಮೊದಲೇ ಬೆರೆತಿರುತ್ತದೆ, ಕೆಲವಕ್ಕೆ ಪ್ರತ್ಯೇಕವಾಗಿ ಸೇರಿಸಬೇಕು. ಇದು ಸಾಲದಾದರೆ, ಕಾರನ್ನು ನಿಧಾನವಾಗಿ ಪೂರ್ತಿ ತಿರುಗಿಸುವಾಗ ಹಿಂಭಾಗದಿಂದ ಕಟಕಟ ಸದ್ದು ಮತ್ತು ನಡುಕ ಬರುತ್ತದೆ. ಹೆಚ್ಚಾದರೆ ಫಲಕಗಳು ಜಾರಿ, ಡಿಫರೆನ್ಷಿಯಲ್‌ನ ಉದ್ದೇಶವೇ ವಿಫಲವಾಗುತ್ತದೆ.

ಹಲ್ಲುಗಾಲಿಗಳ ಬಗೆ: ಟಾರ್ಸೆನ್ ಮುಂತಾದ ಇವುಗಳಲ್ಲಿ ಓರೆ ಹಲ್ಲುಗಳ ನಡುವಣ ಘರ್ಷಣೆಯೇ ಬಲವನ್ನು ಹಂಚುತ್ತದೆ. ಆದ್ದರಿಂದ ಸಾಮಾನ್ಯವಾಗಿ ಘರ್ಷಣೆ ನಿಯಂತ್ರಕ ಬೇಕಾಗುವುದಿಲ್ಲ.

ವಿದ್ಯುನ್ಮಾನ ನಿಯಂತ್ರಣದ ಬಗೆ: ಗಣಕವು ಕ್ಲಚ್‌ನ ಹಿಡಿತವನ್ನು ಕ್ಷಣಕ್ಷಣಕ್ಕೂ ಬದಲಿಸುತ್ತದೆ. ಇವಕ್ಕೆ ತಯಾರಕರು ಸೂಚಿಸಿದ ನಿರ್ದಿಷ್ಟ ಎಣ್ಣೆಯನ್ನೇ ಬಳಸಬೇಕು.

ನಿದರ್ಶನ: ಷೆವರ್ಲೆ ಕಾರ್ವೆಟ್

ಅಮೆರಿಕದ ಷೆವರ್ಲೆ ಕಾರ್ವೆಟ್ ಈ ವಿಷಯಕ್ಕೆ ಉತ್ತಮ ನಿದರ್ಶನ. 1953ರಲ್ಲಿ ತಯಾರಾದ ಮೊದಲ 300 ಕಾರ್ವೆಟ್‌ಗಳಲ್ಲಿಯೂ ಪವರ್‌ಗ್ಲೈಡ್ ಎಂಬ ಎರಡು ಗೇರ್‌ಗಳ ಸ್ವಯಂಚಾಲಿತ ಗೇರ್‌ಬಾಕ್ಸ್ ಇತ್ತು.

1997ರ ಐದನೆಯ ಪೀಳಿಗೆಯಲ್ಲಿ ಗೇರ್‌ಬಾಕ್ಸನ್ನು ಎಂಜಿನ್ನಿನ ಬಳಿಯಿಂದ ತೆಗೆದು, ಹಿಂದೆ ಡಿಫರೆನ್ಷಿಯಲ್‌ಗೆ ಜೋಡಿಸಲಾಯಿತು. ಕಾರಿನ ತೂಕವನ್ನು ಮುಂದೆ ಮತ್ತು ಹಿಂದೆ ಸಮವಾಗಿ ಹಂಚುವುದು ಇದರ ಉದ್ದೇಶ. ಎರಡು ಪೆಟ್ಟಿಗೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಅವುಗಳ ಎಣ್ಣೆಗಳು ಬೇರೆ. ಗೇರ್‌ಬಾಕ್ಸ್‌ನಲ್ಲಿ ಡೆಕ್ಸ್ರಾನ್ ದ್ರವ. ಡಿಫರೆನ್ಷಿಯಲ್‌ನಲ್ಲಿ 75ಡಬ್ಲ್ಯು-90 ಶ್ರೇಣಿಯ ಕೃತಕ ಎಣ್ಣೆ ಮತ್ತು ಘರ್ಷಣೆ ನಿಯಂತ್ರಕ. ಹೊರನೋಟಕ್ಕೆ ಒಂದೇ ಘಟಕದಂತೆ ಕಾಣುವ ಇಂತಹ ಕಾರಿನಲ್ಲಿ ಯಾವ ಬಿರಡೆ ಯಾವ ಪೆಟ್ಟಿಗೆಯದು ಎಂದು ಗುರುತಿಸಿಯೇ ಕೆಲಸ ಆರಂಭಿಸಬೇಕು.

2006ರ ಮಾದರಿಯಲ್ಲಿ ಆರು ಗೇರ್‌ಗಳ 6ಎಲ್80 ಗೇರ್‌ಬಾಕ್ಸ್ ಬಂತು. ಅದರೊಡನೆ ಡೆಕ್ಸ್ರಾನ್-6 ಬಳಕೆಗೆ ಬಂದಿತು. ಹಳೆಯ ಡೆಕ್ಸ್ರಾನ್-3 ದ್ರವವು ಆರಂಭದಲ್ಲಿ ಇದಕ್ಕಿಂತ ಗಟ್ಟಿಯಾಗಿದ್ದರೂ ಬಳಸುತ್ತ ತೆಳುವಾಗುತ್ತಿತ್ತು. ಡೆಕ್ಸ್ರಾನ್-6 ಮೊದಲಿನಿಂದಲೇ ತೆಳುವಾಗಿದ್ದು, ದೀರ್ಘಕಾಲ ಹಾಗೆಯೇ ಉಳಿಯುತ್ತದೆ. ಡೆಕ್ಸ್ರಾನ್-2 ಮತ್ತು 3 ಬೇಡುವ ತನ್ನ ಹಳೆಯ ಗೇರ್‌ಬಾಕ್ಸ್‌ಗಳಿಗೂ ಡೆಕ್ಸ್ರಾನ್-6 ಅನ್ನು ಜನರಲ್ ಮೋಟಾರ್ಸ್ ಒಪ್ಪಿದೆ. ಆದರೆ ಡೆಕ್ಸ್ರಾನ್-6 ಬೇಡುವ ಗೇರ್‌ಬಾಕ್ಸ್‌ಗೆ ಹಳೆಯದನ್ನು ಹಾಕುವಂತಿಲ್ಲ.

2015ರ ಮಾದರಿಯಲ್ಲಿ ಎಂಟು ಗೇರ್‌ಗಳ 8ಎಲ್90 ಗೇರ್‌ಬಾಕ್ಸ್ ಬಂತು. ಈ ಶ್ರೇಣಿಯ ಗೇರ್‌ಬಾಕ್ಸ್ ಹೊಂದಿದ ಕೆಲವು ವಾಹನಗಳಲ್ಲಿ, ಉಬ್ಬುಪಟ್ಟಿಗಳ ಮೇಲೆ ಓಡಿದಂತಹ ನಡುಕ ಕಾಣಿಸಿಕೊಂಡಿತು. ಹಳೆಯ ದ್ರವವನ್ನು ಪೂರ್ತಿಯಾಗಿ ಹೊರಹಾಕಿ, ಬೇರೆ ಸೂತ್ರದ ದ್ರವವನ್ನು ತುಂಬುವಂತೆ ಸಂಸ್ಥೆಯು ತನ್ನ ಸೇವಾ ಕೇಂದ್ರಗಳಿಗೆ ಸೂಚಿಸಿತು. ದ್ರವದ ರಾಸಾಯನಿಕ ರಚನೆ ಎಷ್ಟು ನಿರ್ಣಾಯಕ ಎಂಬುದನ್ನು ಇದು ತೋರಿಸುತ್ತದೆ.

2020ರ ಎಂಟನೆಯ ಪೀಳಿಗೆಯಲ್ಲಿ ಟಾರ್ಕ್ ಕನ್ವರ್ಟರ್‌ನ ಬದಲಿಗೆ ಎರಡು ಕ್ಲಚ್‌ಗಳ ಗೇರ್‌ಬಾಕ್ಸ್ ಬಂದಿದೆ. ಇದೂ ತಾನಾಗಿಯೇ ಗೇರ್ ಬದಲಿಸುತ್ತದೆಯಾದರೂ ಇದಕ್ಕೆ ಡೆಕ್ಸ್ರಾನ್ ಸಲ್ಲದು. ಜೋಡಿ ಕ್ಲಚ್‌ಗಳಿಗೆಂದೇ ತಯಾರಿಸಿದ ದ್ರವ ಬೇಕು.

ಆಯ್ಕೆಯ ಕ್ರಮ

ಸೂಕ್ತ ಎಣ್ಣೆಯನ್ನು ಆರಿಸುವಾಗ ಗಮನಿಸಬೇಕಾದ ಅಂಶಗಳು:

1. ಕಾರಿನ ಮಾದರಿ, ತಯಾರಾದ ವರ್ಷ ಮತ್ತು ಗೇರ್‌ಬಾಕ್ಸ್‌ನ ಸಂಕೇತವನ್ನು ಖಚಿತಪಡಿಸಿಕೊಳ್ಳಬೇಕು. ಒಂದೇ ಹೆಸರಿನ ಕಾರಿನಲ್ಲಿ ವರ್ಷದಿಂದ ವರ್ಷಕ್ಕೆ ಗೇರ್‌ಬಾಕ್ಸ್ ಬದಲಾಗಿರಬಹುದು.

2. ಮಾಲೀಕರ ಕೈಪಿಡಿಯಲ್ಲಿ ಎಟಿಎಫ್‌ನ ನಿರ್ದಿಷ್ಟತೆಯ ಹೆಸರನ್ನು ನೋಡಬೇಕು. ಎಟಿಎಫ್‌ಗೆ ಸ್ನಿಗ್ಧತೆಯ ಸಂಖ್ಯೆಗಿಂತ ಈ ಹೆಸರು ಮುಖ್ಯ.

3. ಡಿಫರೆನ್ಷಿಯಲ್‌ನ ಬಗೆಯನ್ನು ತಿಳಿದು, ಸೇವಾ ದರ್ಜೆ, ಸ್ನಿಗ್ಧತೆಯ ಶ್ರೇಣಿ ಮತ್ತು ಘರ್ಷಣೆ ನಿಯಂತ್ರಕದ ಅಗತ್ಯ ಈ ಮೂರನ್ನೂ ಹೊಂದಿಸಬೇಕು.

4. ಡಬ್ಬಿಯ ಮೇಲಿನ ಮಾತುಗಳನ್ನು ಎಚ್ಚರದಿಂದ ಓದಬೇಕು. "ಪರವಾನಗಿ ಪಡೆದಿದೆ" ಅಥವಾ "ಅನುಮೋದಿತ" ಎಂದರೆ ವಾಹನ ತಯಾರಕರ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ. "ಬಳಕೆಗೆ ಸೂಕ್ತ" ಎಂಬುದು ಎಣ್ಣೆ ತಯಾರಕರ ಸ್ವಂತ ಹೇಳಿಕೆ. ಡೆಕ್ಸ್ರಾನ್-3ರ ಪರವಾನಗಿಗಳು 2006ರ ಕೊನೆಗೆ ಮುಗಿದಿವೆ; ಆ ಹೆಸರಿನಲ್ಲಿ ಈಗ ದೊರೆಯುವ ದ್ರವಗಳಿಗೆ ಮೂಲ ಸಂಸ್ಥೆಯ ಖಾತರಿಯಿಲ್ಲ.

5. ಕಾರನ್ನು ಓಟದ ಅಂಗಳದಲ್ಲಿ ಬಳಸುವುದಾದರೆ ಅದಕ್ಕೆಂದೇ ಪ್ರತ್ಯೇಕ ಸೂಚನೆ ಕೈಪಿಡಿಯಲ್ಲಿ ಇದೆಯೇ ಎಂದು ನೋಡಬೇಕು. ಹೆಚ್ಚು ಶಾಖದ ಬಳಕೆಗೆ ಎಣ್ಣೆ ಬದಲಿಸುವ ಅವಧಿ ಕಡಿಮೆ ಇರುತ್ತದೆ.

ಚಳಿಯ ಸಂಖ್ಯೆಯು ಉತ್ತರ ಅಮೆರಿಕ, ಯುರೋಪುಗಳಲ್ಲಿ ಮುಖ್ಯವಾದುದು. ಕರ್ನಾಟಕದಂತಹ ಪ್ರದೇಶದಲ್ಲಿ ಅದರ ಮಹತ್ವ ಕಡಿಮೆ. ಬೇಸಗೆಯ ಸಂಚಾರ ದಟ್ಟಣೆ ಮತ್ತು ಪಶ್ಚಿಮ ಘಟ್ಟದ ದೀರ್ಘ ಏರುಗಳಲ್ಲಿ ಉಂಟಾಗುವ ಶಾಖವೇ ಇಲ್ಲಿ ಮುಖ್ಯ. ಆದರೂ ಆ ಕಾರಣಕ್ಕೆ ಸ್ವಂತ ಊಹೆಯಿಂದ ಗಟ್ಟಿಯಾದ ಎಣ್ಣೆಗೆ ಬದಲಾಗುವುದು ಸಲ್ಲದು.

ಬದಲಾವಣೆಯ ಅವಧಿ

ಕೆಲವು ವಾಹನ ತಯಾರಕರು ಪ್ರಸರಣ ದ್ರವವನ್ನು "ಜೀವಿತಾವಧಿಯದು" ಎಂದು ಕರೆಯುತ್ತಾರೆ. ಆದರೆ ಅನೇಕ ಕಾರುಗಳಿಗೆ ಗೇರ್‌ಬಾಕ್ಸ್ ಒದಗಿಸುವ ಜರ್ಮನಿಯ ಝಡ್‌ಎಫ್ ಸಂಸ್ಥೆಯು 80,000ದಿಂದ 1,20,000 ಕಿಲೋಮೀಟರ್‌ಗಳ ಒಳಗೆ ಅಥವಾ ಎಂಟು ವರ್ಷಗಳಿಗೊಮ್ಮೆ ದ್ರವವನ್ನು ಬದಲಿಸಲು ಸಲಹೆ ನೀಡುತ್ತದೆ. ಶಾಖವೇ ದ್ರವದ ಮುಖ್ಯ ಶತ್ರು. ಸಾಮಾನ್ಯ ಕಾರ್ಯತಾಪಕ್ಕಿಂತ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ದ್ರವದ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಒಂದು ಸ್ಥೂಲ ನಿಯಮ. ಕಂದು ಅಥವಾ ಕಪ್ಪು ಬಣ್ಣ, ಸುಟ್ಟ ವಾಸನೆ, ಗೇರ್ ಬದಲಾಗುವಾಗ ತಡ ಅಥವಾ ನಡುಕ ಇವು ದ್ರವ ಹಾಳಾಗಿರುವುದರ ಲಕ್ಷಣಗಳು.

ತಳದ ಪಾತ್ರೆಯನ್ನು ತೆರೆದಾಗ ಎಲ್ಲ ದ್ರವವೂ ಹೊರಬರುವುದಿಲ್ಲ. ಟಾರ್ಕ್ ಕನ್ವರ್ಟರ್ ಮತ್ತು ಕೂಲರ್‌ನಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಆದ್ದರಿಂದ ಬೇರೆ ಬಗೆಯ ದ್ರವಕ್ಕೆ ಬದಲಾಗುವಾಗ ಪೂರ್ತಿ ಹೊರಹಾಕುವ ವಿಧಾನವನ್ನು ಅನುಸರಿಸಬೇಕಾಗುತ್ತದೆ. ಬಿಸಿಯಾದಾಗ ದ್ರವ ಹಿಗ್ಗುವುದರಿಂದ ಅದರ ಮಟ್ಟವನ್ನು ಕೈಪಿಡಿ ಸೂಚಿಸಿದ ಉಷ್ಣತೆಯಲ್ಲಿಯೇ ಅಳೆಯಬೇಕು. ಮಟ್ಟ ಹೆಚ್ಚಾದರೆ ನೊರೆ ಬಂದು ಒತ್ತಡ ಕುಸಿಯುತ್ತದೆ. ಕಡಿಮೆಯಾದರೆ ಪಂಪು ಗಾಳಿಯನ್ನು ಹೀರುತ್ತದೆ. ಡಿಫರೆನ್ಷಿಯಲ್‌ನಲ್ಲಿ ಎಣ್ಣೆಯು ಸಾಮಾನ್ಯವಾಗಿ ತುಂಬುವ ರಂಧ್ರದ ಅಂಚಿನವರೆಗೆ ಇರಬೇಕು. ಹಳೆಯ ಎಣ್ಣೆಯನ್ನು ಹೊರಬಿಡುವ ಮೊದಲು ಹೊಸ ಎಣ್ಣೆ ತುಂಬುವ ಬಿರಡೆಯನ್ನು ಸಡಿಲಿಸಿ ನೋಡುವುದು ರೂಢಿ. ಅದು ತೆರೆಯದಿದ್ದರೆ ಖಾಲಿಯಾದ ಪೆಟ್ಟಿಗೆಗೆ ಎಣ್ಣೆ ಸೇರಿಸಲು ದಾರಿಯೇ ಇರುವುದಿಲ್ಲ.

ಬಳಸಿದ ಎಣ್ಣೆಯ ವಿಲೇವಾರಿ

ಬಳಸಿದ ಎಣ್ಣೆಯಲ್ಲಿ ಲೋಹದ ಕಣಗಳೂ ವಿಘಟಿತ ರಾಸಾಯನಿಕಗಳೂ ಸೇರಿರುತ್ತವೆ. ಅದನ್ನು ಚರಂಡಿಗೆ ಅಥವಾ ನೆಲಕ್ಕೆ ಸುರಿದರೆ ಮಣ್ಣು ಮತ್ತು ಅಂತರ್ಜಲ ಕಲುಷಿತವಾಗುತ್ತವೆ. ಭಾರತದಲ್ಲಿ ಬಳಸಿದ ಎಣ್ಣೆಯು 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಎಣ್ಣೆ ತಯಾರಕರೂ ಆಮದುದಾರರೂ ಬಳಸಿದ ಎಣ್ಣೆಯ ಮರುಬಳಕೆಗೆ ಹೊಣೆಗಾರರಾಗಬೇಕೆಂಬ ತಿದ್ದುಪಡಿಯು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಅಧಿಕೃತ ಮರುಸಂಸ್ಕರಣಕಾರರಿಗೆ ತಲುಪಿಸುವ ಸೇವಾ ಕೇಂದ್ರಕ್ಕೆ ಕೊಡುವುದು ಸರಿಯಾದ ಕ್ರಮ.